ಮಾರ್ಪಡಿಸಿದ ಹಳೆಯ ಕಾರು ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಸುಮಾರು 20 ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ ಮೇಲೆ ವೇಗಪ್ರಿಯ ಯುವಕರಿಗೆ ಇಂದಿಗೂ ಮೋಹ ಕಡಿಮೆಯಾಗಿಲ್ಲ. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು 150 ಅಶ್ವಶಕ್ತಿಯ ಆ ಕಾರು ಆ ಕಾಲಕ್ಕೆ ನಿಜಕ್ಕೂ ಅಪರೂಪದ್ದಾಗಿತ್ತು. ಈಗ ಮಾರಾಟಕ್ಕೆ ಬರುವವುಗಳಲ್ಲಿ ಹಲವು ಎರಡು ಮೂರು ಕೈ ಬದಲಾಗಿ, ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾಯಿಸಿಕೊಂಡು, ಸೈಲೆನ್ಸರ್ ಕಿತ್ತುಹಾಕಿಸಿಕೊಂಡು, ಕೊನೆಗೆ ಯಾವುದೋ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತವು. ಅಗ್ಗಕ್ಕೆ ಸಿಗುತ್ತದೆಂದು ಮುಂಗಡ ಕೊಟ್ಟ ಮೇಲೆ ಸಲಹೆ ಕೇಳುವವರನ್ನು ಕಂಡು ಸಂಕಟವಾಗುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿರ್ಲಕ್ಷ್ಯಕ್ಕೆ ಒಳಗಾದ ಕಾರು ಬೇರೆ, ಲೆಕ್ಕಪತ್ರವಿಲ್ಲದೆ ಮಾರ್ಪಡಿಸಿದ ಕಾರು ಬೇರೆ. ಮೊದಲನೆಯದಕ್ಕೆ ತಗಲುವ ಖರ್ಚನ್ನು ಬಹುಮಟ್ಟಿಗೆ ಅಂದಾಜು ಮಾಡಬಹುದು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಬ್ರೇಕ್ ಆಯಿಲ್, ಒಣಗಿ ಬಿರುಕು ಬಿಟ್ಟ ರಬ್ಬರ್ ಕೊಳವೆಗಳು, ಟ್ಯಾಂಕಿನಲ್ಲಿ ಕೆಟ್ಟ ಪೆಟ್ರೋಲ್, ಇಲಿ ಕಡಿದ ತಂತಿ, ಇವೆಲ್ಲ ನಿಂತ ಕಾರಿಗೆ ಸಹಜ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ‘2314’ ಎಂದಿದ್ದರೆ ಅದು 2014ರ 23ನೇ ವಾರದ ಟೈರು. ಎಷ್ಟೇ ದಪ್ಪ ಇದ್ದರೂ ಅದನ್ನು ನಂಬಿ ವೇಗವಾಗಿ ಓಡಿಸಬಾರದು. ಈ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆದ್ದರಿಂದ ಬೆಲ್ಟ್ ಬದಲಾಯಿಸಿದ ಬಿಲ್ಲು ಸಿಗದಿದ್ದರೆ, ಬದಲಾಯಿಸಿಯೇ ಇಲ್ಲವೆಂದು ಎಣಿಸಿ ಬೆಲೆ ಮಾತನಾಡಬೇಕು. ಆಯಿಲನ್ನು ಸಕಾಲಕ್ಕೆ ಬದಲಿಸದಿದ್ದಲ್ಲಿ ಅದು ಗಸಿಗಟ್ಟಿ ಸಂಪಿನೊಳಗಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯೊಳಗಿನ, ಜಾಲರಿಯನ್ನು ಮುಚ್ಚುತ್ತದೆ. ಆಗ ಮೊದಲು ಹಾಳಾಗುವುದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ. ಮಾರುವವರು ಒಪ್ಪಿದರೆ ಸಂಪ್ ಬಿಚ್ಚಿಸಿ ನೋಡುವುದು ಅತ್ಯುತ್ತಮ. ಆ ಕೂಲಿ ಖಂಡಿತ ವ್ಯರ್ಥವಲ್ಲ.

ಮಾರ್ಪಾಡಿನ ವಿಷಯ ಹೀಗಲ್ಲ. ಯಾರು, ಯಾವ ಭಾಗ ಹಾಕಿ, ಟರ್ಬೊ ಒತ್ತಡವನ್ನು ಎಷ್ಟಕ್ಕೆ ಏರಿಸಿದರು ಎಂಬುದು ಕಾಗದದಲ್ಲಿ ಇಲ್ಲದಿದ್ದರೆ, ಒಳಗಿನ ಪಿಸ್ಟನ್ ಮತ್ತು ಬೇರಿಂಗುಗಳು ಎಷ್ಟು ಪೆಟ್ಟು ತಿಂದಿವೆ ಎಂಬುದನ್ನು ಹೊರಗಿನಿಂದ ಹೇಳಲು ಯಾವ ಮೆಕ್ಯಾನಿಕ್ಕಿಗೂ ಸಾಧ್ಯವಿಲ್ಲ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ ಮೊರೆದು ಕಾರು ಮಾತ್ರ ಮುಂದಕ್ಕೆ ಚಿಮ್ಮದಿದ್ದರೆ ಕ್ಲಚ್ ಮುಗಿದಿದೆ ಎಂದರ್ಥ. ಎತ್ತರ ತಗ್ಗಿಸಿದ ಕಾರಿನಲ್ಲಿ ಸ್ಪ್ರಿಂಗುಗಳ ತುದಿಯನ್ನು ಅಗತ್ಯವಾಗಿ ನೋಡಬೇಕು. ಅಲ್ಲಿ ಗ್ರೈಂಡರಿನಿಂದ ಕತ್ತರಿಸಿದ ಗುರುತು ಕಂಡರೆ, ಉಳಿದ ಕೆಲಸವನ್ನೂ ಅದೇ ಮನೋಭಾವದವರು ಮಾಡಿದ್ದಾರೆ ಎಂದೇ ನಾನು ತೀರ್ಮಾನಿಸುತ್ತೇನೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ವಾಹನವು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅಕ್ರಮವಾಗಿ ಬಿಡಿಭಾಗ ಅಳವಡಿಸಿ ಮಾರ್ಪಡಿಸಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ವಿಧಿಸಬಹುದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು ಆರ್‌ಟಿಒ ತಪಾಸಣೆಗೆ ಒಯ್ಯಲೇಬೇಕಾಗುವುದರಿಂದ, ಹಿಂದಿನ ಮಾಲೀಕರು ಮಾಡಿದ್ದು ಅಲ್ಲಿ ಹೊಸ ಮಾಲೀಕರ ತಲೆಗೆ ಸುತ್ತಿಕೊಳ್ಳುತ್ತದೆ. ಮಾರ್ಪಾಡನ್ನು ತಿಳಿಸದೆ ವಿಮೆ ಮಾಡಿಸಿದರೆ, ಅಪಘಾತವಾದಾಗ ಕಂಪನಿಯವರು ಪರಿಹಾರಕ್ಕೆ ತಕರಾರು ತೆಗೆಯಲೂ ಅವಕಾಶ ಕೊಟ್ಟಂತಾಗುತ್ತದೆ.

ಹೀಗಿರುವಾಗ ನಾನು ಕೇಳಲು ಹೇಳುವ ಮೊದಲ ಪ್ರಶ್ನೆ ಕಾರು ಎಷ್ಟು ವೇಗ ಹೋಗುತ್ತದೆ ಎಂಬುದಲ್ಲ. ಕಳಚಿದ ಮೂಲ ಭಾಗಗಳು ಎಲ್ಲಿವೆ ಎಂಬುದು. ಹಳೆಯ ಟರ್ಬೊ, ಸ್ಪ್ರಿಂಗುಗಳು, ಹೊಗೆಯ ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಕಂಪ್ಯೂಟರಿನ ಮೂಲ ಪ್ರೋಗ್ರಾಮ್, ಇವನ್ನು ಜೋಪಾನವಾಗಿಟ್ಟು ಕಾರಿನ ಜೊತೆ ಕೊಡುವವರಿದ್ದರೆ, ಕಂಪ್ರೆಷನ್ ಸರಿಯಿದ್ದರೆ, ಆರ್‌ಸಿಯಲ್ಲಿನ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿನವುಗಳಿಗೆ ತಾಳೆಯಾದರೆ, ಎಷ್ಟೇ ಧೂಳು ಹಿಡಿದಿದ್ದರೂ ಧೈರ್ಯವಾಗಿ ಕೊಳ್ಳಬಹುದು. ಭಾಗಗಳನ್ನು ಮಾರಿಬಿಟ್ಟಿದ್ದರೆ, ಹೊಳೆಯುವ ಬಣ್ಣವಿದ್ದರೂ ಬೇಡ. ಈ ಮಾದರಿಗೆ ಅವು ಈಗ ಸುಲಭವಾಗಿ ಸಿಗುವುದಿಲ್ಲ.

ರಾಜ್ಯದೊಳಗಿನ ಮಾಲೀಕತ್ವ ವರ್ಗಾವಣೆ ಸಾಮಾನ್ಯವಾಗಿ 29 ಮತ್ತು 30ನೇ ನಮೂನೆಯ ಅರ್ಜಿಗಳ ಆಧಾರದ ಮೇಲೆಯೇ ನಡೆಯುತ್ತದೆ. ಕೊಳ್ಳುವವರು ಬಯಸಿದಲ್ಲಿ ನಿಗದಿತ ಶುಲ್ಕ ಪಡೆದು, ವರ್ಗಾವಣೆಗೆ ಮೊದಲೇ ಕಾರನ್ನು ಮೂಲ ವಿವರಗಳೊಂದಿಗೆ ಹೋಲಿಸಿ ಲಿಖಿತ ವರದಿ ಕೊಡುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಜಿಲ್ಲಾ ಕೇಂದ್ರಗಳಲ್ಲಾದರೂ ಆರಂಭಿಸಬೇಕೆಂದು ಈ ಮೂಲಕ ಕೋರುತ್ತೇನೆ.

– ಓದುಗ, ಮೈಸೂರು