ಕೋಣದ ಊರಿನಿಂದ ಕುದುರೆಯ ಪತ್ರ

ಪ್ರಿಯ ಗೆಳೆಯಾ,

ಮಗಳು ಕುದುರೆ ಸವಾರಿ ಕಲಿಯುತ್ತಿದ್ದಾಳೆ ಅಂದದ್ದಕ್ಕೆ, "ಕಂಬಳದ ಊರಲ್ಲಿ ಕುದುರೆ ಎಂತಕ್ಕೆ ಮಾರಾಯಾ?" ಅಂತ ನಮ್ಮ ಮಂಗಳೂರಿನ ಧಾಟಿಯಲ್ಲೇ ಅಣಕಿಸಿದ್ದೀಯ. ದಸರಾದಲ್ಲಿ ಅಶ್ವಾರೋಹಿ ಪೊಲೀಸರನ್ನು ನೋಡುತ್ತಾ ಬೆಳೆದ ಮೈಸೂರಿನವನು ನೀನು, ಅಣಕಿಸು. ಇಲ್ಲಿ ಓಡುವುದು ಕೋಣವೇ. ಕುದುರೆ ಅಂದರೆ ಬೀಚಿನಲ್ಲಿ ಒಂದು ಸುತ್ತು, ಒಂದು ಫೋಟೊ. ಆದರೂ ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಬಂದು ಇಳಿಯುತ್ತಿದ್ದದ್ದು ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಲ್ಲೇ, ಮರೆಯಬೇಡ.

ಊರ ಹೊರಗೆ ಒಬ್ಬರು ಕುದುರೆ ಸಾಕಿದ್ದಾರೆ. ಮಗಳು ಅಲ್ಲಿಗೆ ಬೆಳಗ್ಗೆ ಬೇಗ ಹೋಗುತ್ತಾಳೆ. ನಮ್ಮ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯಲು ಬೆವರನ್ನೇ ನಂಬಿರುವ ಕುದುರೆಗೆ ಹೊತ್ತೇರಿದರೆ ಕಷ್ಟ. ಮೊದಲು ಜೀನೂ ಇಲ್ಲ, ಲಗಾಮೂ ಇಲ್ಲ. ಮೈಗೆ ಬ್ರಷ್ ಹಾಕುವುದು, ಲಾಯ ಗುಡಿಸುವುದು, ಗೊರಸಿನ ಅಡಿಯ ಕೆಸರು ಕೆರೆಯುವುದು. ಮಳೆಗಾಲದಲ್ಲಿ ಈ ಕೊನೆಯ ಕೆಲಸ ತಪ್ಪಿಸುವಂತಿಲ್ಲ, ಒದ್ದೆಯಲ್ಲೇ ನಿಂತರೆ ಗೊರಸು ಕೊಳೆಯುತ್ತದೆ. ಹೆಗಲಿನಿಂದ ಕಾಲಿನುದ್ದಕ್ಕೂ ಕೈ ಇಳಿಸಿ ಕಾಯಬೇಕು. ಮನಸ್ಸು ಬಂದಾಗ ಅದು ಕಾಲೆತ್ತುತ್ತದೆ. ಮನೆಯಲ್ಲಿ ನೀರು ಬೇಕಾದರೂ ಕೂಗಿ ಕರೆಯುವ ಹುಡುಗಿ ಅಲ್ಲಿ ಮಾತಾಡದೆ ಕಾಯುತ್ತಾಳೆ!

ನನಗೆ ಸವಾರಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಕುದುರೆ ಬೇರೆ ಪ್ರಾಣಿಗೆ ಆಹಾರವಾಗುವ ಪ್ರಾಣಿ, ಓಡಿ ಬದುಕಿಕೊಂಡದ್ದು. ಕಣ್ಣು ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕುರುಡು. ಅದಕ್ಕೇ ಹೆಗಲ ಕಡೆಯಿಂದ, ಮಾತಾಡುತ್ತಾ ಹೋಗಬೇಕು. ಸೋದೆ ಮಠದ ಯತಿ ವಾದಿರಾಜರು ತಲೆಯ ಮೇಲೆ ಹಿಡಿದ ಕಡಲೆಬೇಳೆಯ ಸಿಹಿ ಮಡ್ಡಿಯನ್ನು ಕುದುರೆ ಮುಖದ ದೇವರು ಹಯಗ್ರೀವ ಹಿಂದಿನಿಂದ ಬಂದು, ಹೆಗಲ ಮೇಲೆ ಕಾಲಿಟ್ಟು ತಿನ್ನುತ್ತಿದ್ದನಂತಲ್ಲ, ಆ ಕಥೆ ಕೇಳಿ ಇವಳು, "ಅಪ್ಪಾ, ಅವರಿಗೆ ಹೆದರಿಕೆ ಆಗಲಿಲ್ವಾ?" ಅಂದಳು. ಅಜ್ಜಿಗೆ ನಗು ತಡೆಯಲಿಲ್ಲ.

ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬವರು ಪರೀಕ್ಷಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಮನುಷ್ಯನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಹ್ಯಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಲೆಕ್ಕ ಬರುವುದಕ್ಕಿಂತ ಇದು ಹೆಚ್ಚಿನ ಜಾಣತನ ಅಂತ ನನಗನಿಸುತ್ತದೆ. ಇಂಥ ಪ್ರಾಣಿಯ ಮುಂದೆ ಧೈರ್ಯದ ನಾಟಕ ನಡೆಯುವುದಿಲ್ಲ. ಹೆದರಿಕೆ ಇದ್ದರೆ ಇದೆ ಅಂತ ಒಪ್ಪಿಕೊಂಡು, ಉಸಿರು ನಿಧಾನ ಮಾಡಿಕೊಂಡೇ ಹತ್ತಿರ ಹೋಗಬೇಕು.

ಮಗಳು ಬಿಡಿಸುವ ಕುದುರೆ ಚಿತ್ರಗಳೂ ಬದಲಾಗಿವೆ. ಮೊದಲು ಕಾರ್ಟೂನಿನ ಹಾಗೆ ಎರಡೂ ಕಣ್ಣು ಮುಂದಕ್ಕೆ, ತುಟಿಯಲ್ಲಿ ನಗು. ಈಗ ಬಾಯಿಗೆ ಒಂದೇ ಗೆರೆ, ಮನಸ್ಸೆಲ್ಲ ಕಿವಿಯಲ್ಲಿ. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ ಸಿಟ್ಟು. ಒಂದು ಕಿವಿ ಮುಂದೆ, ಒಂದು ಹಿಂದೆ ಇದ್ದರೆ ಎರಡೂ ಕಡೆ ಗಮನ. ಆ ಎರಡು ಕಿವಿಗಳು ತಮ್ಮೊಳಗೆ ಜಗಳವಾಡುವ ಒಂದು ಕಥೆಯನ್ನೂ ಬರೆದಿದ್ದಾಳೆ. ಒಂದಕ್ಕೆ ಹುರುಳಿಯ ಡಬ್ಬದ ಸದ್ದು ಬೇಕು, ಇನ್ನೊಂದಕ್ಕೆ ನಾಯಿಯ ಚಿಂತೆ. ಶಾಲೆಯ ಪ್ರಬಂಧಕ್ಕಿಂತ ಚೆನ್ನಾಗಿದೆ, ಅಪ್ಪನಾಗಿ ಅಲ್ಲದೆಯೂ ಹೇಳುತ್ತೇನೆ.

ಕುದುರೆ ಸವಾರಿಯಿಂದ ಮಕ್ಕಳ ಮಾರ್ಕ್ಸ್ ಏರುತ್ತದೆ, ನಾಯಕತ್ವ ಬರುತ್ತದೆ ಅಂತೆಲ್ಲ ಜಾಹೀರಾತು ಕೊಟ್ಟರೆ ನಂಬಬೇಡ. ಖರ್ಚೂ ಜಾಸ್ತಿಯೇ. ನಿನ್ನ ಮಗನಿಗೆ ಇಷ್ಟವಿಲ್ಲದಿದ್ದರೆ ಸುಮ್ನೆ ಒತ್ತಾಯ ಮಾಡಬೇಡ. ಕಳಿಸುವುದಾದರೆ ಹೆಲ್ಮೆಟ್ ಕೊಡುತ್ತಾರಾ, ಕುದುರೆಗಳ ಮೈಯಲ್ಲಿ ಗಾಯ ಇದೆಯಾ ಅಂತ ನೋಡು.

ಇನ್ನೊಂದು ವಿಷಯ. ದಸರಾಕ್ಕೆ ಮುಂಚೆ ನಿಮ್ಮಲ್ಲಿ ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರಲ್ಲ, ಅದನ್ನು ನೋಡಬೇಕಂತೆ ಇವಳಿಗೆ. ಅಷ್ಟು ಹೆದರುವ ಪ್ರಾಣಿ ಆ ಸದ್ದಿಗೆ ಹೇಗೆ ನಿಲ್ಲುತ್ತದೆ ಅಂತ ದಿನಾ ಕೇಳುತ್ತಾಳೆ. ಈ ಸಲ ದಿನ ಗೊತ್ತಾದ ಕೂಡಲೇ ತಿಳಿಸು, ರಾತ್ರಿ ಬಸ್ಸಿಗೆ ಸೀಟು ಹಿಡಿಯಬೇಕು.

ಇಂತಿ,
ನಿನ್ನ ಮಂಗಳೂರು ದೋಸ್ತಿ