ಇಸಬಿಗೆ ಚೀನೀ ಕಷಾಯ: ಗಿಡದ ಹೆಸರು ಬರೆದುಕೊಡದಿದ್ದರೆ ಕುಡಿಯಬೇಡಿ

ಸಂಪಾದಕರಿಗೆ,

ವರ್ಷಗಟ್ಟಲೆ ಬಿಟ್ಟೂ ಬಿಡದೆ ಕಾಡುವ ಇಸಬಿಗೆ, ಅಂದರೆ ಎಕ್ಸಿಮಾಕ್ಕೆ, ಚೀನೀ ಸಾಂಪ್ರದಾಯಿಕ ವೈದ್ಯದಲ್ಲಿ ಮದ್ದಿದೆಯೇ ಎಂದು ಕೇಳಿದವರಿಗೆ ಸಿಗುವುದು ಎರಡೇ ಉತ್ತರ. ಒಂದು ‘ಬುಡಸಮೇತ ಹೋಗುತ್ತದೆ’, ಇನ್ನೊಂದು ‘ಎಲ್ಲ ಬರೀ ಮೋಸ’. ನವೆಯಿಂದ ನಿದ್ದೆಗೆಟ್ಟವರಿಗೆ ಎರಡರಿಂದಲೂ ಉಪಯೋಗವಿಲ್ಲ. ಯಾವ ಗಿಡ, ಎಷ್ಟು ಗ್ರಾಂ, ಚರ್ಮ ಯಾವ ಹಂತದಲ್ಲಿದ್ದಾಗ, ಯಾವ ರಕ್ತಪರೀಕ್ಷೆಯ ಜೊತೆಗೆ ಎಂಬುದನ್ನು ಹೇಳದ ಸಲಹೆ ಸಲಹೆಯೇ ಅಲ್ಲ. ಆ ವಿವರಗಳಿಗಾಗಿಯೇ ಈ ಪತ್ರ.

ಚೀನೀ ವೈದ್ಯರು ಇದನ್ನು ‘ಶೀ ಜೆನ್’ ಎನ್ನುತ್ತಾರೆ, ತೇವದ ಗಂಧೆ ಎಂದರ್ಥ. ಮೊಣಕೈ, ಮೊಣಕಾಲುಗಳ ಮಡಿಕೆಯಲ್ಲಿ ಕೂತರೆ ‘ಸಿ ವಾನ್ ಫೆಂಗ್’, ನಾಲ್ಕು ಮಡಿಕೆಗಳ ಗಾಳಿ. ಆದರೆ ರೋಗದ ಹೆಸರು ಕೇಳಿದ ಮಾತ್ರಕ್ಕೆ ಅಲ್ಲಿ ಯಾರೂ ಮದ್ದು ಕಟ್ಟಿಕೊಡುವುದಿಲ್ಲ. ಅದೇ ಮೊಣಕೈ ಮಡಿಕೆಯನ್ನು ನೋಡಿ. ಒಬ್ಬರಲ್ಲಿ ಅದು ಕೆಂಪಾಗಿ ಬಿಸಿಯಾಗಿರುತ್ತದೆ, ಸಣ್ಣ ಗುಳ್ಳೆಗಳು ಒಡೆದು ಹಳದಿ ರಸಿಕೆ ಒಸರುತ್ತದೆ, ನಾಲಗೆಯ ಮೇಲೆ ಜಿಡ್ಡಾದ ಹಳದಿ ಲೇಪ. ಇದು ತೇವ ಮತ್ತು ಉಷ್ಣ ಕೂಡಿದ್ದು. ಇನ್ನೊಬ್ಬರಲ್ಲಿ ಅದೇ ಜಾಗ ಆನೆಯ ಚರ್ಮದಂತೆ ದಪ್ಪಗಟ್ಟಿ ಕಪ್ಪಾಗಿ, ಗೆರೆ ಗೆರೆಯಾಗಿ ಬಿರುಕು ಬಿಟ್ಟಿರುತ್ತದೆ, ರಾತ್ರಿಯಾದರೆ ನವೆ ಹೆಚ್ಚು, ನಾಲಗೆ ಬಿಳಿಚಿರುತ್ತದೆ. ಇದಕ್ಕೆ ರಕ್ತದ ಕೊರತೆಯ ಒಣ ಗಾಳಿ ಎನ್ನುತ್ತಾರೆ. ಗಾಳಿ, ತೇವ ಎಂಬ ಮಾತನ್ನು ನಂಬಲಿ ಬಿಡಲಿ, ಒಸರುವ ಚರ್ಮವೂ ಒಣಗಿದ ಚರ್ಮವೂ ಬೇರೆ ಬೇರೆ ಆರೈಕೆ ಬೇಡುತ್ತವೆ ಎಂಬುದನ್ನು ಆಧುನಿಕ ಚರ್ಮವೈದ್ಯರೂ ಒಪ್ಪುತ್ತಾರೆ.

ಮೊದಲನೆಯದಕ್ಕೆ ಕಹಿಯಾದ, ತಂಪು ಗುಣದ ಬೇರು ತೊಗಟೆಗಳು: ಕು ಶೆನ್ (ಸೊಫೊರಾ ಫ್ಲೇವೆಸೆನ್ಸ್) ಬೇರು ದಿನಕ್ಕೆ 4.5ರಿಂದ 9 ಗ್ರಾಂ, ಹುವಾಂಗ್ ಬಾಯ್ (ಫೆಲೊಡೆಂಡ್ರಾನ್ ಚೈನೆನ್ಸ್) ತೊಗಟೆ 3ರಿಂದ 12 ಗ್ರಾಂ, ದಿ ಫು ಝಿ (ಕೋಕಿಯಾ ಸ್ಕೊಪಾರಿಯಾ) ಬೀಜ 9ರಿಂದ 15 ಗ್ರಾಂ. ಎರಡನೆಯದಕ್ಕೆ ಶೆಂಗ್ ದಿ ಹುವಾಂಗ್ (ರೆಹ್ಮಾನಿಯಾ ಗ್ಲುಟಿನೋಸಾ) ಗೆಡ್ಡೆ 10ರಿಂದ 15 ಗ್ರಾಂ, ದಾಂಗ್ ಗುಯ್ (ಆಂಜೆಲಿಕಾ ಸೈನೆನ್ಸಿಸ್) ಬೇರು 6ರಿಂದ 12 ಗ್ರಾಂ, ಜೊತೆಗೆ ಬಾಯ್ ಜಿ ಲಿ, ಅಂದರೆ ನೆಗ್ಗಿಲು (ಟ್ರಿಬ್ಯುಲಸ್ ಟೆರೆಸ್ಟ್ರಿಸ್). ಇವೆಲ್ಲ ವಯಸ್ಕರಿಗೆ ಒಣ ಮೂಲಿಕೆಯ ಅಳತೆ. ಅಳತೆ ಸರಿಯಿದ್ದೂ ಎಡವಟ್ಟಾಗುವುದು ಇವನ್ನು ಅದಲುಬದಲು ಮಾಡಿದಾಗ. ಒಣ ಚರ್ಮದವರಿಗೆ ತಿಂಗಳುಗಟ್ಟಲೆ ಕು ಶೆನ್ ಕುಡಿಸಿದರೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ, ಊಟ ಸೇರುವುದಿಲ್ಲ. ಸ್ನೇಹಿತರಿಗೆ ಗುಣವಾಯಿತೆಂದು ಅವರ ಚೀಟಿಯನ್ನೇ ನಕಲು ಮಾಡಿಕೊಳ್ಳಬಾರದು ಎನ್ನುವುದು ಇದಕ್ಕೇ.

ಕಷಾಯ ಕಾಸುವುದರಲ್ಲೂ ಕ್ರಮವಿದೆ. ಮಣ್ಣಿನ, ಗಾಜಿನ ಅಥವಾ ಸ್ಟೀಲ್ ಪಾತ್ರೆ ಆಗಬಹುದು; ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇಡ, ತೊಗಟೆಯ ಒಗರು ಅಂಶ ಲೋಹದೊಡನೆ ಕೂಡಿ ಕೆಡುತ್ತದೆ. ಮೂಲಿಕೆಯ ಮೇಲೆ ಎರಡು ಮೂರು ಸೆಂಟಿಮೀಟರ್ ನಿಲ್ಲುವಷ್ಟು ತಣ್ಣೀರು ಹಾಕಿ ಅರ್ಧ ಗಂಟೆ ನೆನೆಸಬೇಕು. ನೆನೆಸದೆ ನೇರ ಕುದಿಯುವ ನೀರಿಗೆ ಹಾಕಿದರೆ ಹೊರಪದರ ಬೆಂದು, ಒಳಗಿನ ಸಾರ ಇಳಿಯುವುದಿಲ್ಲ. ಜೋರು ಉರಿಯಲ್ಲಿ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಇಟ್ಟು ಸೋಸಬೇಕು. ಅದೇ ಗಸಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕಾಸಿ, ಎರಡನ್ನೂ ಬೆರೆಸಿ, ಬೆಳಗ್ಗೆ ಸಂಜೆ ಎರಡು ಪಾಲು ಮಾಡಿ, ಊಟದ ನಂತರ ಬೆಚ್ಚಗೆ ಕುಡಿಯುವುದು ವಾಡಿಕೆ. ಪುದೀನ ಜಾತಿಯ ಬೋ ಹೆಯಂಥ ಪರಿಮಳದ ಎಲೆಗಳನ್ನು ಕಡೆಯ ಐದು ನಿಮಿಷಕ್ಕೆ ಹಾಕಬೇಕು. ಮೊದಲೇ ಹಾಕಿದರೆ ಅವುಗಳ ಎಣ್ಣೆ ಹಬೆಯಾಗಿ ಹೋಗುತ್ತದೆ. ಸಿದ್ಧ ಹರಳುಪುಡಿ ಕೊಂಡವರು ಮೋಸಹೋಗುವುದು ಇನ್ನೊಂದು ಕಡೆ: ಐದು ಪಟ್ಟು ಸಾಂದ್ರ ಮಾಡಿದ ಪುಡಿಯ ಒಂದು ಗ್ರಾಂ, ಐದು ಗ್ರಾಂ ಮೂಲಿಕೆಗೆ ಸಮ. ಚೀಟಿಯಲ್ಲಿರುವ ಒಣ ಮೂಲಿಕೆಯ ತೂಕವನ್ನೇ ಪುಡಿಯಲ್ಲಿ ತೂಗಿದರೆ ಐದು ಪಟ್ಟು ಮದ್ದು ಒಳಗೆ ಹೋದಂತೆ.

ಮೈಮೇಲಿನ ಚಿಕಿತ್ಸೆಯಲ್ಲಿ ಅಪಾಯ ಕಡಿಮೆ, ತಪ್ಪು ಹೆಚ್ಚು. ರಸಿಕೆ ಸೋರುತ್ತಿರುವಾಗ ಮುಲಾಮು ಹಚ್ಚುವುದಲ್ಲ, ಒದ್ದೆ ಪಟ್ಟಿ ಹಾಕುವುದು. ಇದಕ್ಕೆ ಮಾ ಚಿ ಶಿಯನ್, ಅಂದರೆ ಗೋಣಿ ಸೊಪ್ಪನ್ನು ಬಳಸುತ್ತಾರೆ. 30ರಿಂದ 60 ಗ್ರಾಂ ಒಣ ಸೊಪ್ಪನ್ನು ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಸೋಸಿ, ಪೂರ್ತಿ ತಣ್ಣಗಾಗಿಸಬೇಕು. ಆರೆಂಟು ಪದರ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಚರ್ಮಕ್ಕೆ ಅಂಟುವಂತೆ 20 ನಿಮಿಷ ಹಾಸಬೇಕು. ಬಟ್ಟೆ ಬೆಚ್ಚಗಾದ ಕೂಡಲೇ ಮತ್ತೆ ಅದ್ದಬೇಕು. ಹಾಗೇ ಒಣಗಲು ಬಿಟ್ಟರೆ ಹಕ್ಕಳೆಗೆ ಕಚ್ಚಿಕೊಂಡು, ಕೀಳುವಾಗ ಹೊಸ ಗಾಯವಾಗುತ್ತದೆ. ಒಮ್ಮೆಗೆ ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚಬಾರದು, ಅದರಲ್ಲೂ ಮಕ್ಕಳಿಗೆ, ಮೈ ತಣ್ಣಗಾಗಿ ನಡುಕ ಬರುತ್ತದೆ. ದಪ್ಪಗಟ್ಟಿದ ಒಣ ಚರ್ಮಕ್ಕೆ ತೊಳೆಯುವ ಕಷಾಯ ಬೇರೆ, ಇದು ಕುಡಿಯಲಿಕ್ಕಲ್ಲ: ಕು ಶೆನ್, ದಿ ಫು ಝಿ, ಶೆ ಚುವಾಂಗ್ ಝಿ (ನೀಡಿಯಮ್ ಮೊನಿಯೇರಿ ಬೀಜ) ತಲಾ 30 ಗ್ರಾಂ, ಎರಡು ಲೀಟರ್ ನೀರು. ಉಗುರುಬೆಚ್ಚಗೆ ಹತ್ತು ನಿಮಿಷ ಸಾಕು. ಸುಡುವ ನೀರು ಹೊಯ್ದುಕೊಂಡಾಗ ನವೆ ಆ ಕ್ಷಣಕ್ಕೆ ಹಾಯೆನಿಸಿ, ಸ್ವಲ್ಪ ಹೊತ್ತಿನಲ್ಲೇ ಇನ್ನಷ್ಟು ಹೆಚ್ಚಾಗಿ ಬರುತ್ತದೆ, ಏಕೆಂದರೆ ಬಿಸಿ ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ. ತೊಳೆದ ಮೇಲೆ ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೂರು ನಿಮಿಷದೊಳಗೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಕಷಾಯ ಮಾಡಿದ್ದೆಲ್ಲ ವ್ಯರ್ಥ.

ಇನ್ನು ಒಳಗೆ ಕುಡಿಯುವುದರ ಪುರಾವೆ. 1992ರಲ್ಲಿ ಲಂಡನ್ನಿನಲ್ಲಿ ಹತ್ತು ಮೂಲಿಕೆಗಳ ಕಷಾಯವನ್ನು 40 ವಯಸ್ಕರ ಮೇಲೆ, ಎಕ್ಸಿಮಾಕ್ಕೆ ಕೆಲಸ ಮಾಡದ ಸೋಗಿನ ಕಷಾಯದ ಎದುರಿಟ್ಟು ಪರೀಕ್ಷಿಸಿದರು. ಮುಗಿಸಿದವರು 31 ಮಂದಿ. ಕೆಂಪು ಮತ್ತು ಚರ್ಮದ ಹಾನಿ ಎರಡೂ ಎದ್ದು ಕಾಣುವಷ್ಟು ತಗ್ಗಿದ್ದವು. 1999ರಲ್ಲಿ ಅದೇ ಮದ್ದನ್ನು ಹಾಂಗ್‌ಕಾಂಗ್‌ನಲ್ಲಿ 40 ರೋಗಿಗಳಿಗೆ ಕೊಟ್ಟಾಗ ಸೋಗಿನ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. 2007ರಲ್ಲಿ ಹಾಂಗ್‌ಕಾಂಗ್‌ನಲ್ಲೇ ಐದು ಮೂಲಿಕೆಗಳ ಕ್ಯಾಪ್ಸೂಲನ್ನು 85 ಮಕ್ಕಳ ಮೇಲೆ 12 ವಾರ ಪರೀಕ್ಷಿಸಿದರು. ರೋಗದ ತೀವ್ರತೆಯ ಅಂಕದಲ್ಲಿ ವ್ಯತ್ಯಾಸವಾಗಲಿಲ್ಲ, ಆದರೆ ಸ್ಟೀರಾಯ್ಡ್ ಮುಲಾಮಿನ ಬಳಕೆ ಸುಮಾರು ಮೂರನೇ ಒಂದು ಭಾಗ ಇಳಿಯಿತು, ಮಕ್ಕಳ ದಿನಚರಿ ಸುಧಾರಿಸಿತು. ಇದನ್ನು ಸಣ್ಣ ಲಾಭವೆಂದು ತಳ್ಳಿಹಾಕಲಾಗದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ಸಮೀಕ್ಷೆ ಒಟ್ಟು 28 ಪ್ರಯೋಗಗಳನ್ನು ಜರಡಿ ಹಿಡಿದು, ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದಿತು. ಹಾಗಾಗಿ ‘ಗ್ಯಾರಂಟಿ’ ಎನ್ನುವವರ ಮಾತಿಗೆ ಬುಡವಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಗಿಡದ ಗುರುತು. ನವೆಗೆ ಇಂದಿಗೂ ಬಳಸುವ ‘ಶಿಯಾವ್ ಫೆಂಗ್ ಸಾನ್’ ಎಂಬ 13 ವಸ್ತುಗಳ ಪಾಕ 1617ರಷ್ಟು ಹಳೆಯದು. ಅದರಲ್ಲಿ ‘ಮು ತೋಂಗ್’ ಎಂಬ ಬಳ್ಳಿಯ ಕಾಂಡವಿದೆ. ಹಳಬರು ಹೇಳಿದ್ದು ಅಕೀಬಿಯಾ ಬಳ್ಳಿ. ಕಾಲಾಂತರದಲ್ಲಿ ಅದೇ ಹೆಸರಿನಡಿ ಅರಿಸ್ಟೊಲೋಕಿಯಾ ಜಾತಿಯ ಬೇರೊಂದು ಬಳ್ಳಿ ಅಂಗಡಿಗೆ ಬಂತು. ಅದರ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಒಳಗಿಂದೊಳಗೇ ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ. 1999ರಲ್ಲಿ ಬ್ರಿಟನ್ನಿನಲ್ಲಿ ವರದಿಯಾದ ಇಬ್ಬರು ರೋಗಿಗಳು ಕುಡಿದದ್ದು ಎಕ್ಸಿಮಾದ ಕಷಾಯವನ್ನೇ, ಇಬ್ಬರ ಮೂತ್ರಪಿಂಡಗಳೂ ಕೈಕೊಟ್ಟವು. ಚೀನಾ ಆಮೇಲೆ ಆ ಬಳ್ಳಿಯನ್ನು ತನ್ನ ಅಧಿಕೃತ ಔಷಧಕೋಶದಿಂದ ತೆಗೆದುಹಾಕಿತು. ಆದ್ದರಿಂದ ಚೀಟಿಯಲ್ಲಿ ಚೀನೀ ಹೆಸರು ಮಾತ್ರ ಇದ್ದರೆ ಸಾಲದು, ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಸಿಕೊಳ್ಳಬೇಕು.

ಯಕೃತ್ತಿನದೂ ಇಂಥದೇ ಕಥೆ. ನವೆಗೆ ಬಹಳ ಬಳಕೆಯ ಬಾಯ್ ಶಿಯನ್ ಪಿ (ಡಿಕ್ಟಮ್ನಸ್ ಡೇಸಿಕಾರ್ಪಸ್) ತೊಗಟೆ ಮತ್ತು ಹೆ ಶೌ ವು (ಪಾಲಿಗೋನಮ್ ಮಲ್ಟಿಫ್ಲೋರಮ್) ಗೆಡ್ಡೆ ಕೆಲವರಲ್ಲಿ ಕಾಮಾಲೆ ತಂದಿವೆ. ಶುರುಮಾಡುವ ಮುಂಚೆ, ಎರಡು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ಯಕೃತ್ತು, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತದ ಅಂಶ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸುವುದು ಕ್ಷೇಮ. ಪೊಟ್ಯಾಸಿಯಂ ಯಾಕೆಂದರೆ ಹೆಚ್ಚಿನ ಪಾಕಗಳಲ್ಲಿರುವ ಅತಿಮಧುರ ಅದನ್ನು ಇಳಿಸಿ ರಕ್ತದೊತ್ತಡ ಏರಿಸಬಲ್ಲದು. ಮೂತ್ರ ಕಡು ಹಳದಿಯಾದರೆ, ವಾಕರಿಕೆ ಬಂದರೆ, ಕಣ್ಣು ಹಳದಿ ಕಂಡರೆ ಅಂದೇ ನಿಲ್ಲಿಸಬೇಕು. ಬಸುರಿಯರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ನುಂಗುವವರು ಕುಡಿಯುವ ಕಷಾಯದ ತಂಟೆಗೇ ಹೋಗಬಾರದು.

ಹೆಸರಿಲ್ಲದ ‘ಗಿಡಮೂಲಿಕೆ ಕ್ರೀಮ್’ ಬಗ್ಗೆ ಒಂದು ಮಾತು. 1999ರಲ್ಲಿ ಲಂಡನ್ನಿನ ಚರ್ಮವೈದ್ಯರು ಇಂಥ 11 ಚೀನೀ ಕ್ರೀಮುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ವರ್ಷಗಳ ಇಸಬು ಮೂರೇ ದಿನದಲ್ಲಿ ಮಾಯವಾಗಿ, ಹಚ್ಚುವುದು ಬಿಟ್ಟೊಡನೆ ಮೊದಲಿಗಿಂತ ಕೆಂಪಾಗಿ ಮರಳಿದರೆ ಅದೇ ಗುಮಾನಿ. ಸ್ಟೀರಾಯ್ಡ್ ಕೆಟ್ಟದ್ದೆಂದಲ್ಲ. ಎಷ್ಟು ತೀವ್ರತೆಯದು ಎಂದು ತಿಳಿದು, ಬೆರಳ ತುದಿಯ ಗೆಣ್ಣಿನಷ್ಟು ಉದ್ದದ ಅರ್ಧ ಗ್ರಾಂ ಮುಲಾಮನ್ನು ಎರಡು ಅಂಗೈ ಅಗಲಕ್ಕೆ ಹಚ್ಚುವುದು ಒಳ್ಳೆಯ ಚಿಕಿತ್ಸೆಯೇ. ಗೊತ್ತಿಲ್ಲದೆ ಮಗುವಿನ ಕಣ್ಣರೆಪ್ಪೆಗೆ ತಿಂಗಳುಗಟ್ಟಲೆ ಹಚ್ಚುವುದು ಅನ್ಯಾಯ. ಹಾಗೆಯೇ ಚೀನೀ ಮದ್ದು ಶುರುವಾಯಿತೆಂದು ಚರ್ಮವೈದ್ಯರ ಮುಲಾಮನ್ನು ಏಕಾಏಕಿ ಬಿಡಬಾರದು.

ಇಷ್ಟರ ಮಧ್ಯೆ, ನವೆ ಇಸಬಿನದೇ ಎಂದು ಮೊದಲು ಖಾತ್ರಿಯಾಗಿರಬೇಕು. ಮನೆಯವರೆಲ್ಲ ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಅದು ಹುಳಕಜ್ಜಿ ಇರಬಹುದು. ಗಂಧೆಯೇ ಇಲ್ಲದೆ ಮೈಯೆಲ್ಲ ನವೆಯಾದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ನೋಡಿಸಬೇಕು. ಇಸಬಿನ ಜಾಗದಲ್ಲಿ ಒಂದೇ ಅಳತೆಯ, ನಡುವೆ ಕುಳಿಬಿದ್ದ ಗುಳ್ಳೆಗಳು ಜ್ವರದೊಡನೆ ಎದ್ದರೆ ಅದು ಹರ್ಪಿಸ್ ಸೋಂಕು; ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮನೆಮದ್ದು, ಪರ್ಯಾಯ ಚಿಕಿತ್ಸೆಗಳ ಬರಹ ಪ್ರಕಟಿಸುವಾಗ ಪ್ರತಿ ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರು, ಗ್ರಾಂ ಲೆಕ್ಕ, ಯಾರು ತೆಗೆದುಕೊಳ್ಳಬಾರದು ಎಂಬ ಸಾಲು, ಈ ಮೂರೂ ಇರುವಂತೆ ತಮ್ಮ ಪತ್ರಿಕೆ ನೋಡಿಕೊಳ್ಳಲಿ ಎಂದು ಕೋರುತ್ತೇವೆ.

ಇಂತಿ,
ತಮ್ಮ ಓದುಗರು