ಮಗಳಿಗೊಂದು ಪತ್ರ: ನಿನ್ನ ಕ್ಲಾಸಿಗೆ ಯಾರನ್ನು ಕರೀತೀಯ?

ಪುಟ್ಟಿ,

ನಿನ್ನೆ ಫೋನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ. ಹಾಸನದ ನಿಮ್ಮ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ತಿಂಗಳಿಗೊಬ್ಬ ಅತಿಥಿಯನ್ನು ಕರೆಸುತ್ತಾರೆ ಅಂದೆಯಲ್ಲ, ಖುಷಿಯಾಯಿತು. ಆದರೆ ಮೊದಲನೇ ಹೆಸರೇ ಬ್ಯಾಂಕ್ ಮ್ಯಾನೇಜರ್, ಜೊತೆಗೆ ಶಾಲು, ಹಾರ, ಮೈಕು ಅಂದಾಗ ನಗು ಬಂತು. ನಾಲ್ಕು ವರ್ಷದ ಮಕ್ಕಳಿಗೆ ಸಾಲ, ಬಡ್ಡಿ ಕಟ್ಟಿಕೊಂಡು ಏನಾಗಬೇಕು? ಭಾಷಣ ಮಾಡುವವರು ಬೇಡ. ಕೈಯಲ್ಲಿ ಕೆಲಸ ಇರುವವರನ್ನು ಕರಿ, ಆ ಕೆಲಸವನ್ನು ಮಕ್ಕಳ ಎದುರಿಗೇ ಮಾಡಿಸು.

ನಮ್ಮ ಮೂಡಿಗೆರೆ ಕಡೆಯ ಅಂಗನವಾಡಿಗೆ ಒಂದು ಸಲ ಕಾಫಿ ಹಣ್ಣು ಕೊಯ್ಯುವ ಅಕ್ಕನನ್ನು ಕರೆಸಿದ್ದೆ. "ನಾನೇನು ಹೇಳ್ಲಿ ಟೀಚರೇ, ಶಾಲೆ ಮೆಟ್ಟಿಲೇ ಹತ್ತಿದವಳಲ್ಲ" ಅಂತ ಬಾಗಿಲಲ್ಲೇ ನಿಂತಳು. ಸೆರಗಲ್ಲಿ ಒಂದಷ್ಟು ಅರೇಬಿಕಾ ಹಣ್ಣು ಇತ್ತು. ಕೂತು ಒಂದನ್ನು ಎರಡು ಬೆರಳಲ್ಲಿ ಹಿಚುಕಿದಳು, ಲೋಳೆ ಲೋಳೆ ಎರಡು ಬೀಜ ಪುಳಕ್ಕನೆ ಜಾರಿ ಬಂದವು. ಆಮೇಲೆ ಕೇಳಬೇಕಾ? ಎಲ್ಲರಿಗೂ ಹಿಚುಕಬೇಕು, ಸಿಪ್ಪೆ ಚೀಪಿ ಸಿಹಿ ನೋಡಬೇಕು. ಒಬ್ಬ ಹುಡುಗನಿಗೆ ಒಂದೇ ಬೀಜ ಸಿಕ್ಕಿತು, ಅದೂ ದುಂಡಗೆ. ನಂದೊಂದು ಯಾರೋ ಕದ್ದರು ಅಂತ ಒಂದೇ ಅಳು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದು ಪೀಬರಿ ಕಣಪ್ಪ, ಎಲ್ಲ ಹಣ್ಣಲ್ಲೂ ಸಿಗಲ್ಲ, ಇದನ್ನ ಬೇರೆ ಮಾಡಿ ಮಾರ್ತಾರೆ" ಅಂದಳು. ಅಳು ನಿಂತಿತು, ಉಳಿದವರಿಗೆಲ್ಲ ಈಗ ಒಂದೇ ಬೀಜದ ಹಣ್ಣು ಬೇಕು! ಒಂದು, ಎರಡು, ಚಪ್ಪಟೆ, ದುಂಡು, ಕಾಯಿ, ಹಣ್ಣು, ಎಲ್ಲ ಅಷ್ಟರಲ್ಲೇ ಬಂದುಹೋಯಿತು. ಯಾರೂ ಬೀಜ ನುಂಗದ ಹಾಗೆ ಕಾಯುವುದಷ್ಟೇ ನನ್ನ ಕೆಲಸ.

ನಿನಗೆ ಹಾಸನದಲ್ಲಿ ಕಾಫಿ ಹಣ್ಣೇ ಬೇಕಿಲ್ಲ, ಆಲೂಗಡ್ಡೆ ಇದೆಯಲ್ಲ. ಮುಂಗಾರು ಬಿತ್ತನೆ ಹೊತ್ತಿಗೆ ಬೆಳೆಯುವವರೊಬ್ಬರನ್ನು ಕರಿ. ಗೆಡ್ಡೆಯ ಕಣ್ಣು ಯಾವುದು, ಮೊಳಕೆ ಎಲ್ಲಿಂದ ಬರುತ್ತೆ ಅಂತ ತೋರಿಸಲಿ, ಮಕ್ಕಳ ಕೈಯಲ್ಲೇ ಗೋಣಿಚೀಲದ ಮಣ್ಣಿಗೆ ಹಾಕಿಸಲಿ. ಸುಮಾರು ಮೂರು ತಿಂಗಳಿಗೆ ಅಗೆಯಬಹುದು, ಆಗ ಅವರನ್ನೇ ಇನ್ನೊಂದು ಸಲ ಕರಿ. ಒಂದೇ ದಿನ ಬಂದು ಕೈಬೀಸಿ ಹೋಗುವವರಿಗಿಂತ ಎರಡು ಸಲ ಬರುವವರು ಮಕ್ಕಳಿಗೆ ಜಾಸ್ತಿ ಹತ್ತಿರ ಆಗುತ್ತಾರೆ.

ಅಗ್ನಿಶಾಮಕದವರನ್ನು ಕರೆದರೆ ಒಂದು ಮಾತು ನೆನಪಿರಲಿ. ಅವರು ಹೆಲ್ಮೆಟ್ಟು, ಉಸಿರಾಟದ ಮಾಸ್ಕು ಎಲ್ಲ ಹಾಕಿಕೊಂಡೇ ಒಳಗೆ ಬರಬಾರದು. ಮೊದಲು ಮುಖ ತೋರಿಸಲಿ, ಹೆಸರು ಹೇಳಲಿ, ಆಮೇಲೆ ಮಕ್ಕಳು ನೋಡುತ್ತಿರುವಾಗಲೇ ಒಂದೊಂದಾಗಿ ಹಾಕಿಕೊಳ್ಳಲಿ. ಬೆಂಕಿ ಬಿದ್ದಾಗ ಎಷ್ಟೋ ಮಕ್ಕಳು ಆ ವೇಷಕ್ಕೆ ಹೆದರಿ ಮಂಚದ ಕೆಳಗೆ ಅಡಗಿಬಿಡುತ್ತವೆ, ಕರೆದರೂ ಬರಲ್ಲ. ಒಳಗಿರೋದು ಮನುಷ್ಯನೇ ಅಂತ ಮೊದಲೇ ಗೊತ್ತಿದ್ದರೆ ಹೊರಗೆ ಬಂದಾವು. ನರ್ಸಮ್ಮನ ವಿಷಯವೂ ಅಷ್ಟೇ: ಸಿರಿಂಜು ಚೀಲದಲ್ಲೇ ಇರಲಿ, ಸ್ಟೆತೊಸ್ಕೋಪ್ ಮಕ್ಕಳ ಕಿವಿಗೆ ಹಾಕಿ ಅವರವರ ಎದೆಬಡಿತ ಕೇಳಿಸಲಿ.

ಬಂದವರಿಗೆ ಮೊದಲೇ ಹೇಳಿಬಿಡು, ನೆಲದಲ್ಲೇ ಕೂರಬೇಕು ಅಂತ. "ದೊಡ್ಡವನಾಗಿ ಏನಾಗ್ತೀಯ" ಅಂತ ಕೇಳುವುದು ಬೇಡ ಅಂತಲೂ. ಪ್ರಶ್ನೆ ಕೇಳಿ ಅಂದರೆ ಮಕ್ಕಳು "ನಮ್ಮನೇಲಿ ಕರು ಹಾಕಿದೆ" ಅಂತಾರೆ, ನಗಬೇಡ, ಗದರಬೇಡ, ಅವರಿಗೆ ಅದೇ ಪ್ರಶ್ನೆ. ಯಾರೇ ಬರಲಿ, ಮಕ್ಕಳನ್ನು ಅವರ ಹತ್ತಿರ ಬಿಟ್ಟು ನೀನು ಆಚೆ ಹೋಗಬೇಡ. ತಿನ್ನುವ ಸಾಮಾನು ತಂದರೆ ಯಾವ ಮಗುವಿಗೆ ಯಾವುದು ಆಗಲ್ಲ ಅಂತ ಮನೆಯವರನ್ನು ಮುಂಚೆಯೇ ಕೇಳಿಕೋ. ಫೋಟೋ ಹುಚ್ಚು ಸ್ವಲ್ಪ ಕಡಿಮೆ ಇರಲಿ.

ನಿಮ್ಮ ಹೆಡ್ ಮೇಡಂ ಇದರಲ್ಲಿ ಪಾಠ ಎಲ್ಲಿದೆ ಅಂದರೆ, 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತೆಗೆದು ತೋರಿಸು. 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಮುಖ್ಯ ಅಂತ ಅದರಲ್ಲೇ ಇದೆ. ಬ್ಯಾಂಕ್ ಮ್ಯಾನೇಜರೇ ಬೇಕು ಅಂತ ಹಟ ಹಿಡಿದರೆ ಬರಲಿ ಬಿಡು, ಒಂದು ಚೀಲ ಚಿಲ್ಲರೆ ತಂದು ಮಕ್ಕಳ ಜೊತೆ ಎಣಿಸಲಿ.

ರಾಗಿ ಬೀಸುವ ಅಜ್ಜಿ ಯಾರಾದರೂ ಸಿಕ್ಕರೆ ಹೇಳು, ನಮ್ಮ ಅಟ್ಟದ ಬೀಸುಕಲ್ಲು ಕೊಡುತ್ತೇನೆ. ಬಸ್ಸಲ್ಲಿ ತರೋಕಾಗಲ್ಲ, ಅಪ್ಪ ಮುಂದಿನ ವಾರ ಹಾಸನಕ್ಕೆ ಬರುವವರಿದ್ದಾರೆ, ಕಾರಲ್ಲಿ ಹಾಕಿ ಕಳಿಸುತ್ತೇನೆ.

ನಿನ್ನ ಅಮ್ಮ